ಅಮರನಾಥನ ಪಾಳಿಯಲ್ಲಿ ಸಾಯಬಣ್ಣ

ಕಲಬುರಗಿಯಲ್ಲಿ ಬಿಸಿಲಿಗೆ ಹೇಗೆ ಬರವಿಲ್ಲವೋ ಹಾಗೆ ಸಾಲು ನಿಲ್ಲುವ ಪಾಳಿಗೂ ಬರವಿಲ್ಲ. ದವಾಖಾನೆಯಲ್ಲಿ ಚೀಟಿಗೆ ಪಾಳಿ, ಬ್ಯಾಂಕಿನಲ್ಲಿ ಪಾಸ್‌ಬುಕ್ಕಿಗೆ ಪಾಳಿ, ಆಧಾರ್ ಕೇಂದ್ರದಲ್ಲಿ ಹೆಬ್ಬೆರಳು ಒತ್ತಲು ಪಾಳಿ, ಒತ್ತಿದ ಹೆಬ್ಬೆರಳು ಹೊಂದಲಿಲ್ಲವೆಂದು ಮತ್ತೆ ಒತ್ತಲು ಇನ್ನೊಂದು ಪಾಳಿ. ಊರಿನ ಜನಕ್ಕೆ ಇದು ಪೀಡೆ. ಕೋಟನೂರಿನ ಸಾಯಬಣ್ಣನಿಗೆ ಮಾತ್ರ ಇದೇ ಅನ್ನ. ಕಂಡವರ ಸಲುವಾಗಿ ಪಾಳಿ ಹಚ್ಚಿ ನಿಲ್ಲುವುದು ಅವನ ಉದ್ಯೋಗ.

ನಿಲ್ಲುವುದೇನು ಮಹಾ, ವಿದ್ಯುತ್ ಕಂಬವೂ ನಿಲ್ಲುತ್ತದೆ ಎನ್ನುವವರಿಗೆ ಈ ಉದ್ಯೋಗದ ಸೂಕ್ಷ್ಮ ಗೊತ್ತಿಲ್ಲ. ಸಾಯಬಣ್ಣ ಯಾರ ಜಾಗದಲ್ಲಿ ನಿಂತಿದ್ದಾನೋ, ಆ ಹೊತ್ತಿಗೆ ಅವರ ಹೆಸರೇ ಅವನ ಹೆಸರು. ಒಳಗಿನಿಂದ ಯಾರೇ ಆ ಹೆಸರು ಕೂಗಲಿ, 'ಹಾಂ ರೀ' ಎನ್ನಬೇಕು. ಅನ್ನದಿದ್ದರೆ ಪಾಳಿ ಹೋಯಿತು. ಒಮ್ಮೆ ಹೆರಿಗೆ ದವಾಖಾನೆಯಲ್ಲಿ 'ಅಮೀನಾ' ಎಂದು ಕೂಗಿದಾಗಲೂ ಇವನು 'ಹಾಂ ರೀ' ಎಂದಿದ್ದ. ನರ್ಸಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಎಷ್ಟು ತಿಂಗಳು?" ಎಂದು ಕೇಳಿದ್ದಳು. ಇವನು, "ಕೇಳಿ ಹೇಳ್ತೀನ್ರಿ" ಎಂದು ಅಮೀನಾಳ ಗಂಡ ಗುಫ್ರಾನನಿಗೆ ಫೋನು ಹಚ್ಚಿದ್ದ.

ಇನ್ನೊಂದು ನೇಮ. ಕಿಟಕಿ ಹತ್ತಿರ ಬಂದಾಗ ಗಿರಾಕಿಗೆ ಫೋನು ಮಾಡುವುದು, ಗಿರಾಕಿ ಓಡಿಬಂದ ಕೂಡಲೇ ಎಡಕ್ಕೆ ಸರಿದು, "ಬರ್ರಿ, ನಿಮ್ಮ ಪಾಳಿ ಬಂತು" ಎನ್ನುವುದು. ಒಬ್ಬರ ಜಾಗವನ್ನು ತಾನು ನುಂಗಿದ್ದಿಲ್ಲ, ಇನ್ನೊಬ್ಬರಿಗೆ ಮಾರಿದ್ದಿಲ್ಲ. ಹೀಗೆ ಸರಿದು ಸರಿದು, ಇಷ್ಟು ವರ್ಷಗಳಲ್ಲಿ ಒಂದು ಕಿಟಕಿಯನ್ನೂ ಅವನು ಮುಟ್ಟಿ ನೋಡಿರಲಿಲ್ಲ.

ಅವನ ತಾಯಿ ಅಂಬಮ್ಮನಿಗೆ ಇದರಿಂದ ಜೀವಕ್ಕೆ ಸಮಾಧಾನವಿರಲಿಲ್ಲ. ದಿನಾ ಸಂಜೆ ಮಗನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಅದೇ ಮಾತು.

"ನಿಂತು ದುಡಿಯೋ ಗಂಡಿಗಿ ಯಾರ್ ಹೆಣ್ಣು ಕೊಡ್ತಾರೋ ತಮ್ಮಾ? ಕುಂತು ದುಡಿಯೋದು ಒಂದು ನೋಡು."

"ಕುಂತು ದುಡಿಯೋ ಕೆಲಸಕ್ಕ ಭಾಳ ದೊಡ್ಡ ಪಾಳಿ ಅದ ಯವ್ವಾ."

"ಊರ ಮಂದಿ ಪಾಳ್ಯಾಗೆಲ್ಲ ನಿಂದಿರ್ತಿ. ಆ ಪಾಳ್ಯಾಗ ಒಂದಿನ ನಿನ್ನ ಸಲುವಾಗಿ ನಿಂದ್ರಾಕ ಏನು ರೋಗ?"

ಇದಕ್ಕೆ ಸಾಯಬಣ್ಣ ಇನ್ನೊಂದು ಮೊಣಕಾಲು ಮುಂದೆ ಚಾಚುತ್ತಿದ್ದ.

ಅವನ ಕಾಯಂ ಗಿರಾಕಿಗಳಲ್ಲಿ ದೊಡ್ಡವರೆಂದರೆ ಖೂಬಾ ಪ್ಲಾಟ್ ಬಡಾವಣೆಯ ಲಲಿತಾಬಾಯಿ. ದಾಲ್ ಮಿಲ್ಲಿನ ಒಡತಿ. ಅವರ ಒಬ್ಬನೇ ಮಗ ಅಮರನಾಥ. ಅಮರನಾಥ ಕೆಟ್ಟವನಲ್ಲ. ಎಲ್ಲಿಗೂ ಹೊತ್ತಿಗೆ ಸರಿಯಾಗಿ ಹೋಗಿ ಗೊತ್ತಿಲ್ಲದ ಒಳ್ಳೆಯ ಹುಡುಗ. ಅವನ ಡ್ರೈವಿಂಗ್ ಲೈಸೆನ್ಸಿಗೆ ಸಾಯಬಣ್ಣ ನಿಂತಿದ್ದ, ಹಲ್ಲುನೋವಿಗೆ ಸಾಯಬಣ್ಣ ನಿಂತಿದ್ದ. ಶ್ರಾವಣ ಸೋಮವಾರ ಶರಣಬಸವೇಶ್ವರ ಗುಡಿಯ ದರ್ಶನಕ್ಕೂ ಸಾಯಬಣ್ಣನೇ ನಿಂತು, ಗದ್ದುಗೆ ಕಾಣುವ ಹೊತ್ತಿಗೆ ಫೋನು ಮಾಡುತ್ತಿದ್ದ. ಅಮರನಾಥ ಕಾರಿನಿಂದ ಇಳಿದು ಬಂದು ಕೈಮುಗಿಯುತ್ತಿದ್ದ. ಗದ್ದುಗೆಯ ಶರಣಪ್ಪ ಇಬ್ಬರಲ್ಲಿ ಯಾರನ್ನು ನೋಡಿ ಆಶೀರ್ವಾದ ಮಾಡುತ್ತಿದ್ದನೋ, ಅವನಿಗೇ ಗೊತ್ತು.

ಒಂದು ದಿನ ಲಲಿತಾಬಾಯಿ ಸಾಯಬಣ್ಣನನ್ನು ಕರೆಸಿದರು.

"ಸಾಯಬಣ್ಣ, ಐತವಾರ ಕಮಲಾಪುರದಾಗ ಒಂದು ಪಾಳಿ ಅದ."

"ಏನಿನ ಪಾಳಿ ರೀ ಬಾಯಾರ?"

"ಕನ್ಯಾ ನೋಡೋ ಪಾಳಿ."

ಸಾಯಬಣ್ಣ ಬೆಚ್ಚಲಿಲ್ಲ, ನಗಲಿಲ್ಲ. "ಎಷ್ಟೊತ್ತಿಗಿ ಬಾಗಲಾ ತೆಗೀತಾರ್ರಿ?" ಎಂದು ಕೇಳಿದ. ಉದ್ಯೋಗವೆಂದರೆ ಉದ್ಯೋಗ.

ವಿಷಯ ಹೀಗಿತ್ತು. ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುವ ಮಲ್ಕಪ್ಪನಿಗೆ ಪ್ರಿಯದರ್ಶಿನಿ ಎಂಬ ಮಗಳು. ಸರ್ಕಾರಿ ಕಚೇರಿಯೊಂದರಲ್ಲಿ ಅರ್ಜಿ ತೆಗೆದುಕೊಳ್ಳುವ ಕಿಟಕಿಯೊಳಗೆ ಅವಳ ನೌಕರಿ. ನೋಡಲು ಲಕ್ಷಣ, ಮಾತಿಗೆ ಚುರುಕು, ಮೇಲೆ ಪಗಾರ. ಕೇಳಬೇಕೆ? ಜಿಲ್ಲೆಯ ಗಂಡುಗಳೆಲ್ಲ ಒಬ್ಬರ ಬೆನ್ನಿಗೆ ಒಬ್ಬರು ಬರತೊಡಗಿದರು. ಬಂದವರಿಗೆಲ್ಲ ಉಪ್ಪಿಟ್ಟು ತಿರುವಿ ತಿರುವಿ ಮಲ್ಕಪ್ಪನ ಮನೆಯ ರವೆಯ ಡಬ್ಬಿ ತಳ ಕಂಡಿತ್ತು. ಕಡೆಗೆ ಅವನು ಸಂಬಂಧ ಕೂಡಿಸುವ ದೇವಿಂದ್ರಪ್ಪನನ್ನು ಕರೆದು ಕಡ್ಡಿ ಮುರಿದಂತೆ ಹೇಳಿದ: "ಎಲ್ಲಾರೂ ಒಂದೇ ಐತವಾರ ಬರ್ಲಿ. ಮೊದಲು ಬಂದವರನ್ನ ಮೊದಲು ನೋಡ್ತೀವಿ. ಹುಡಿಗಿ ಮನಸಿಗಿ ಯಾರು ಬಂದ್ರೋ ಅಲ್ಲಿಗಿ ಬಾಗಲಾ ಬಂದ್. ಹಿಂದಿನವರು ಬಾಳಿಹಣ್ಣು ತಿಂದು ಹೋಗ್ಲಿ."

"ನೀ ಮೊದಲನೇ ಬಸ್ಸಿಗಿ ಹೋಗಿ ಜಾಗಾ ಹಿಡಿ," ಎಂದರು ಲಲಿತಾಬಾಯಿ. "ನಾವು ಕಾರಿನಾಗ ಹಿಂದs ಬರ್ತೀವಿ. ಈ ಸಂಬಂಧ ಕೂಡಿಬಂತಂದ್ರ ಮಿಲ್ಲಿನ ಗೇಟಿನಾಗ ನಿನಗೊಂದು ಕುರ್ಚಿ ಹಾಕಸ್ತೀನಿ. ತಿಂಗಳ ಪಗಾರ. ಕುಂದ್ರೋದು, ಲಾರಿ ಬಂದ್ರ ಗೇಟ್ ತೆಗಿಯೋದು, ಮತ್ತ ಕುಂದ್ರೋದು."

ಒಂದೇ ಮಾತಿನಲ್ಲಿ ಎರಡು ಸಲ 'ಕುಂದ್ರೋದು' ಕೇಳಿ ಸಾಯಬಣ್ಣನ ಕಣ್ಣು ತುಂಬಿದವು. ಮನೆಗೆ ಹೋಗಿ ಹೇಳಿದಾಗ ಅಂಬಮ್ಮ ಅಲ್ಲೇ ದೇವರ ಜಗಲಿಗೆ ಕೈಮುಗಿದು, ಗುರುತು ಪರಿಚಯವಿಲ್ಲದ ಆ ಹುಡುಗಿ ಗುರುತು ಪರಿಚಯವಿಲ್ಲದ ಆ ಹುಡುಗನನ್ನು ಒಪ್ಪಲೆಂದು ಐದು ಕಾಯಿ ಹರಕೆ ಹೊತ್ತಳು.

ಭಾನುವಾರ ಬೆಳಿಗ್ಗೆ ಸಾಯಬಣ್ಣ ಮಲ್ಕಪ್ಪನ ಅಂಗಳ ತಲುಪಿದಾಗ ಅಲ್ಲಿ ಆಗಲೇ ನಾಲ್ಕಾರು ಗಂಡುಗಳು ಇಸ್ತ್ರಿಯ ಅಂಗಿ ಮುದುಡದಂತೆ ಕೈ ಅಗಲಿಸಿ ನಿಂತಿದ್ದರು. ಮಲ್ಕಪ್ಪ ಬಾಗಿಲಲ್ಲಿ ಕೆಂಪು ಬಾಳೆಯ ಗೊನೆ ಇಟ್ಟುಕೊಂಡು, ಒಂದೊಂದು ಹಣ್ಣಿನ ಸಿಪ್ಪೆಯ ಮೇಲೆ ದಪ್ಪ ಪೆನ್ನಿನಿಂದ ನಂಬರು ಬರೆದು ಕೊಡುತ್ತಿದ್ದ.

"ಇದು ಟೋಕನ್. ಒಳಗ ಕರದಾಗ ತೋರಸ್ಬೇಕು. ನಿನ್ನ ಹೆಸರೇನಪಾ?"

"ಅಮರನಾಥ ರೀ. ಖೂಬಾ ಪ್ಲಾಟ್."

ಸಾಯಬಣ್ಣನಿಗೆ ಇದರಲ್ಲಿ ಸುಳ್ಳೇನೂ ಕಾಣಲಿಲ್ಲ. ಹೆರಿಗೆ ದವಾಖಾನೆಯಲ್ಲಿ ಅಮೀನಾ ಆದವನಿಗೆ ಕಮಲಾಪುರದಲ್ಲಿ ಅಮರನಾಥನಾಗುವುದು ದೊಡ್ಡದಲ್ಲ.

ಅವನ ಮುಂದೆ ವಿವೇಕಾನಂದ ಎಂಬ ಅತಿಥಿ ಉಪನ್ಯಾಸಕನಿದ್ದ. ಪಾಪ, ಮೊದಲನೇ ಬಸ್ಸಿಗೆ ಬರುವ ಗಡಿಬಿಡಿಯಲ್ಲಿ ಚಹಾ ಕೂಡ ಕುಡಿದಿರಲಿಲ್ಲ. ಕೈಯಲ್ಲಿ ಘಮಘಮ ಎನ್ನುವ ಕೆಂಪು ಬಾಳೆ. ದೇವಿಂದ್ರಪ್ಪ ಬಾಗಿಲಿಗೆ ಬಂದು, "ಮುಂದಿನವರು ಟೋಕನ್ ತೋರಸ್ರಿ" ಎಂದಾಗ ಉಪನ್ಯಾಸಕನ ಕೈ ಬರಿದಾಗಿತ್ತು, ಬಾಯಿ ತುಂಬಿತ್ತು.

"ಟೋಕನ್ ಎಲ್ಲಿ ರೀ ಸರ?"

"ಒಳಗದ ರೀ," ಎಂದ ಉಪನ್ಯಾಸಕ, ನುಂಗಿ.

"ಸಿಪ್ಪಿ ಆದ್ರೂ ತೋರಸ್ರಿ. ನಂಬರ್ ಸಿಪ್ಪಿ ಮ್ಯಾಲ ಇರ್ತದ."

ಎಲ್ಲರೂ ತಿರುಗಿ ನೋಡಿದರು. ಮಲ್ಕಪ್ಪನ ಎಮ್ಮೆ ಸಾವಕಾಶವಾಗಿ ಏನನ್ನೋ ಮೆಲ್ಲುತ್ತಿತ್ತು.

"ಟೋಕನ್ ತಿಂದವರಿಗಿ ಪಾಳಿ ಇಲ್ಲ," ಎಂದು ತೀರ್ಪು ಕೊಟ್ಟು, ಹೊಸ ಹಣ್ಣಿನ ಮೇಲೆ ಹೊಸ ನಂಬರು ಬರೆದು, ದೇವಿಂದ್ರಪ್ಪ ಅವನನ್ನು ಸಾಲಿನ ಬಾಲಕ್ಕೆ ಕಳಿಸಿದ. "ಇದನ್ನಾದ್ರೂ ಕಾಪಾಡ್ಕೊಳ್ರಿ."

ಇಲ್ಲಿಯವರೆಗೆ ಸಾಯಬಣ್ಣನ ಉದ್ಯೋಗ ನೆಟ್ಟಗೆ ನಡೆದಿತ್ತು. ಗಾಬರಿಯಾದದ್ದು ಆಮೇಲೆ. ಪಾಳಿ ಸರಸರನೆ ಸರಿಯತೊಡಗಿತು! ಒಳಗೆ ಹೋದ ಗಂಡುಗಳು ಬಿಸಿ ಹಂಚಿನ ಮೇಲೆ ಕಾಲಿಟ್ಟವರಂತೆ ಹಿಂದಕ್ಕೆ ಬರುತ್ತಿದ್ದರು. ಒಬ್ಬ, "ಅಡಗಿ ಬರ್ತದೇನು?" ಎಂದು ಕೇಳಿದನಂತೆ. ಹುಡುಗಿ, "ನಿಮಗ?" ಎಂದಳಂತೆ. ಅಲ್ಲಿಗೆ ಮುಗಿಯಿತು. ಇನ್ನೊಬ್ಬ ಕೂತ ಕೂಡಲೇ ಮೊಬೈಲು ನೋಡಿದನಂತೆ. ಅದೂ ಮುಗಿಯಿತು. ಇಷ್ಟು ಜೋರಾಗಿ ಓಡುವ ಪಾಳಿಯನ್ನು ಸಾಯಬಣ್ಣ ಜನ್ಮದಲ್ಲಿ ನೋಡಿರಲಿಲ್ಲ. ಫೋನು ಹಚ್ಚಿದ.

"ಬಾಯಾರ, ಎಲ್ಲಿದ್ದೀರಿ? ನಮ್ಮ ಪಾಳಿ ಬಂತ್ರಿ!"

"ಮಹಾಗಾಂವ ಕ್ರಾಸಿನಾಗ ಅದೀವಿ. ಅಮರನಾಥ ಮಿರ್ಚಿ ಭಜಿ ತಿನ್ನಾಕತ್ಯಾನ."

"ಜಲ್ದಿ ಬರ್ರಿ, ಕರೀತಾರ!"

"ಹಿಡಕೊಂಡಿರು. ಏನರೇ ಆಗ್ಲಿ, ಜಾಗಾ ಬಿಡಬ್ಯಾಡ. ಬಿಟ್ಟಿ ಅಂದ್ರ ಕುರ್ಚಿ ಮರತುಬಿಡು."

ಅಷ್ಟರಲ್ಲಿ ಒಳಗಿನಿಂದ ಕೂಗು ಬಂತು: "ಅಮರನಾಥ! ಖೂಬಾ ಪ್ಲಾಟ್!"

ಬಾಯಿ ತನ್ನ ಪಾಡಿಗೆ ತಾನು ತೆರೆದುಕೊಂಡಿತು. "ಹಾಂ ರೀ!"

ಒಳಗೆ ಪಡಸಾಲೆಯಲ್ಲಿ ಮಲ್ಕಪ್ಪ, ಪಕ್ಕದಲ್ಲಿ ಮಲ್ಕಪ್ಪನ ತಾಯಿ ಮರೆಮ್ಮ, ಗೋಡೆಗೆ ಬಂಧುಬಳಗ. ನಡುವೆ ಒಂದು ಕುರ್ಚಿ.

"ಕುಂದರ್ರಿ," ಎಂದ ಮಲ್ಕಪ್ಪ.

ಸಾಯಬಣ್ಣ ಕೂಡಲಿಲ್ಲ. ಪಾಳಿಯಲ್ಲಿ ಕೂತವನ ಜಾಗ ಹೋದಂತೆಯೇ ಎಂಬುದು ಅವನ ಎಲುಬಿಗೆ ಗೊತ್ತು. "ಬ್ಯಾಡ್ರಿ, ನಿಂತಿರ್ತೀನಿ," ಎಂದ.

"ನೋಡಿದ್ರೇನು?" ಮರೆಮ್ಮ ಗೋಡೆಯ ಕಡೆ ತಿರುಗಿದಳು. "ಮಿಲ್ಲಿನ ಸಾವಕಾರ ಅದಾನ. ಹಿರ್ಯಾರ ಮುಂದ ಕುಂದ್ರಂಗಿಲ್ಲ! ಇಂಥ ಸಂಸ್ಕಾರ ಈಗ ಎಲ್ಲಿ ಸಿಗ್ತದ?"

"ಮಿಲ್ ಹ್ಯಾಂಗ ನಡದದ ರೀ?" ಎಂದು ಕೇಳಿದ ಮಲ್ಕಪ್ಪ.

ಮಿಲ್ಲಿನಲ್ಲಿ ಸಾಯಬಣ್ಣ ನೋಡಿದ್ದು ಗೇಟು ಮಾತ್ರ. ಇದ್ದದ್ದನ್ನು ಇದ್ದಂತೆ ಹೇಳಿದ: "ಗೇಟು ಭಾಳ ಛಲೋ ಅದ ರೀ."

"ಅಬ್ಬಾ, ಏನು ನಮ್ರತಾ!" ಎಂದಿತು ಗೋಡೆ. "ಇಷ್ಟು ದೊಡ್ಡ ಮಿಲ್ಲು, ಬರೇ ಗೇಟು ಅಂತಾನ!"

ಆಗ ಪ್ರಿಯದರ್ಶಿನಿ ಚಹಾದ ತಾಟು ಹಿಡಿದು ಬಂದಳು. ತಾಟು ಇಟ್ಟು, ದಿನಾ ಕಿಟಕಿಯಾಚೆಯವರನ್ನು ನೋಡುವಂತೆ ನೇರವಾಗಿ ಅವನ ಮುಖ ನೋಡಿದಳು.

"ಒಂದು ಮಾತು ಕೇಳ್ತೀನ್ರಿ. ಎಲ್ಲರೆ ತಡ ಆತಂದ್ರ ನಿಮಗ ಸಿಟ್ಟು ಬರ್ತದೇನು?"

"ಇಲ್ರಿ. ತಡ ಆದಷ್ಟು ನನಗ ಛಲೋನ ರೀ."

"ಯಾರರೆ ನಡುವ ನುಗ್ಗಿದ್ರ?"

"ಮುದುಕ್ರು ಇದ್ರ ಬಿಡ್ತೀನ್ರಿ. ಹರೇದವ್ರಿದ್ರ ಕೆಮ್ಮತೀನಿ."

"ಕೆಮ್ಮತೀರಾ?"

"ಹೌದ್ರಿ. ಜೋರಾಗಿ ಕೆಮ್ಮಿದ್ರ ತಾವs ದೂರ ಸರೀತಾರ."

ಪ್ರಿಯದರ್ಶಿನಿ ಸೆರಗು ಬಾಯಿಗೆ ಒತ್ತಿಕೊಂಡಳು. ಬೆಳಿಗ್ಗೆಯಿಂದ ಆ ಮನೆಯಲ್ಲಿ ಕೇಳಿರದ ಸದ್ದು ಸೆರಗಿನ ಆಚೆಯಿಂದ ಬಂತು. ಹುಡುಗಿ ನಗುತ್ತಿದ್ದಳು. ಸಾಯಬಣ್ಣನಿಗೆ ಎದೆಯೊಳಗೆ ಏನೋ ಹಾಲು ಉಕ್ಕಿದಂತಾಯಿತು. ಇದು ಯಾರ ಸಲುವಾಗಿ ಉಕ್ಕುತ್ತಿದೆ, ತನ್ನ ಸಲುವಾಗಿಯೋ ಅಮರನಾಥನ ಸಲುವಾಗಿಯೋ ಎಂದು ಅವನಿಗೆ ತಿಳಿಯಲಿಲ್ಲ. ಅಂಥ ಲೆಕ್ಕ ಅವನು ಹಿಂದೆ ಮಾಡಿರಲೇ ಇಲ್ಲ.

ಅವನು ತಿಳಿದುಕೊಳ್ಳುವುದರೊಳಗೆ ಮರೆಮ್ಮ ಎದ್ದಳು. ಮೊಮ್ಮಗಳ ನಗು ಅವಳಿಗೆ ಸಾಕಾಗಿತ್ತು. ಅಡುಗೆಮನೆಯಿಂದ ಮುಷ್ಟಿ ಸಕ್ಕರೆ ತಂದು, ಯಾರು ಏನು ಎನ್ನುವ ಮೊದಲೇ ಸಾಯಬಣ್ಣನ ಬಾಯಿಗೆ ಹಾಕಿಬಿಟ್ಟಳು.

"ಸಕ್ಕರಿ ಬಿತ್ತು! ಮಾತು ಮುಗೀತು!"

ನಮ್ಮ ಕಡೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಹೆಣ್ಣಿನ ಮನೆಯ ಹಿರಿಯರು ಗಂಡಿನ ಬಾಯಿಗೆ ಸಕ್ಕರೆ ಹಾಕಿದರೆಂದರೆ ಹೆಣ್ಣು ಕೊಟ್ಟ ಹಾಗೆಯೇ. ಆಮೇಲೆ ಹಿಂದೆ ಸರಿದವರನ್ನು ಊರು ಏಳು ತಲೆಮಾರು ಆಡಿಕೊಳ್ಳುತ್ತದೆ.

ಸಕ್ಕರೆ ಕರಗುವ ಮೊದಲೇ ಹೊರಗೆ ಕಾರಿನ ಹಾರ್ನು ಆಯಿತು. ಲಲಿತಾಬಾಯಿ ರೇಷ್ಮೆ ಸೀರೆಯ ನಿರಿಗೆ ಹಿಡಿದು ಒಳಗೆ ಬಂದರು. ಹಿಂದೆ ಅಮರನಾಥ, ಕೈಗಂಟಿದ ಭಜಿಯ ಎಣ್ಣೆ ಕರವಸ್ತ್ರಕ್ಕೆ ಒರೆಸುತ್ತ. ಸಾಯಬಣ್ಣನಿಗೆ ಹೋದ ಜೀವ ಬಂತು. ಅಭ್ಯಾಸದಂತೆ ಎಡಕ್ಕೆ ಸರಿದು, ತುಂಬಿದ ಬಾಯಲ್ಲೇ ಹೇಳಿದ:

"ಬರ್ರಿ, ನಿಮ್ಮ ಪಾಳಿ ಬಂತು."

ಗೋಡೆಯ ಬಂಧುಬಳಗ ಕತ್ತು ಚಾಚಿತು.

"ಇವರ್ಯಾರು?" ಎಂದ ಮಲ್ಕಪ್ಪ.

"ಅಮರನಾಥ ಮಾಲಕರು ರೀ."

"ಹಂಗಾದ್ರ ನೀ ಯಾರು?"

"ನಾ ಅವರ ಪಾಳಿಯವ ರೀ. ಅವರು ಬರೋತನಕ ನಾನs ಅವರು. ಅವರು ಬಂದ ಮ್ಯಾಲ ನಾ ಯಾರೂ ಅಲ್ರಿ."

ಆಮೇಲೆ ನಡೆದದ್ದನ್ನು ಜಗಳವೆಂದರೆ ಕಡಿಮೆಯಾಗುತ್ತದೆ, ನ್ಯಾಯಾಲಯವೆಂದರೆ ಹೆಚ್ಚಾಗುತ್ತದೆ. ವ್ಯಾಜ್ಯ ಇಷ್ಟೇ: ಸಕ್ಕರೆ ಯಾರದು?

"ಜಾಗಾ ಅಮರನಾಥಂದು," ಎಂದು ವಾದ ಹೂಡಿದ ದೇವಿಂದ್ರಪ್ಪ. "ಜಾಗಾ ಯಾರದೋ ಸಕ್ಕರಿ ಅವರದು."

"ನಾ ಸಕ್ಕರಿ ಹಾಕಿದ್ದು ಬಾಯಿಗಿ. ಜಾಗಾಕ ಅಲ್ಲ," ಎಂದಳು ಮರೆಮ್ಮ.

"ಏನ್ ಮಾತಾಡ್ತೀರಿ ಅಮ್ಮಾ?" ಲಲಿತಾಬಾಯಿ ಮುಂದೆ ಬಂದರು. "ರೇಷನ್ ಅಂಗಡಿಯಾಗ ಇವ ನಮ್ಮ ಪಾಳಿ ಹಚ್ಚತಾನ. ಹಂಗಂತ ಅಕ್ಕಿ ಇವಂದೇನು?"

"ಅಕ್ಕಿ ನೀವು ಚೀಲದಾಗ ಒಯ್ಯತೀರಿ. ಸಕ್ಕರಿ ಇವನ ಹೊಟ್ಟ್ಯಾಗ ಹೋಗ್ಯದ. ಬೇಕಾದ್ರ ಹೊರಗ ತಗೀರಿ!"

ಕಿಟಕಿಯ ಸರಳುಗಳ ನಡುವೆ ಹೊರಗಿನ ಗಂಡುಗಳ ಮುಖಗಳು ಸಾಲಾಗಿ ಕಂಡವು. ಉಪನ್ಯಾಸಕ ವಿವೇಕಾನಂದ ಎಲ್ಲರ ತಲೆಯ ಮೇಲಿಂದ, "ತಾತ್ವಿಕವಾಗಿ ನೋಡಿದರೆ, ಪ್ರತಿನಿಧಿಗೆ ಸಂದದ್ದು ಮೂಲ ವ್ಯಕ್ತಿಗೆ ಸಂದಂತೆಯೇ..." ಎಂದು ಆರಂಭಿಸಿದ.

"ನೀ ಮೊದಲು ಟೋಕನ್ ತೋರ್ಸಪಾ," ಎಂದಳು ಮರೆಮ್ಮ. ಮುಖ ಕೆಳಗಿಳಿಯಿತು.

ಪ್ರಿಯದರ್ಶಿನಿ ಈಗ ಅಮರನಾಥನ ಕಡೆ ತಿರುಗಿದಳು.

"ನಿಮಗೊಂದು ಪ್ರಶ್ನಿ ರೀ. ಲಗ್ನದ ಮುಹೂರ್ತ ನಸಿಕಿನ್ಯಾಗ ಬಂತು ಅಂತ ಇಟ್ಕೊಳ್ರಿ. ನೀವು ಬರ್ತೀರೋ, ಇವರನ್ನ ಕಳಸ್ತೀರೋ?"

ಅಮರನಾಥ ಪ್ರಾಮಾಣಿಕ ಹುಡುಗ. ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡು ಬಹಳ ಹೊತ್ತು ಯೋಚಿಸಿದ.

"ನಸಿಕಿನ್ಯಾಗ ನನ್ನ ಕೈಲೆ ಏಳಾಕ ಆಗಂಗಿಲ್ರಿ. ಅರಿಷಿಣ, ಸ್ನಾನ, ಪೂಜಿ, ಅದಕ್ಕೆಲ್ಲ ಸಾಯಬಣ್ಣ ನಿಂತಿರ್ತಾನ. ತಾಳಿ ಕಟ್ಟೋ ಹೊತ್ತಿಗಿ ಒಂದು ಫೋನ್ ಮಾಡ್ತಾನ. ನಾ ಬಂದುಬಿಡ್ತೀನಿ."

ಲಲಿತಾಬಾಯಿ ಮಗನ ತೋಳು ಚಿವುಟಿದರು. ತಡವಾಗಿತ್ತು. ಕಿಟಕಿಯಲ್ಲಿದ್ದ ಗಂಡುಗಳು ನಕ್ಕ ಸದ್ದಿಗೆ ಎಮ್ಮೆ ಗೂಟ ಕಿತ್ತುಕೊಂಡಿತು.

"ಆತು ಬಿಡ್ರಿ," ಎಂದ ಮಲ್ಕಪ್ಪ, ನಗು ತಡೆದುಕೊಂಡು. "ಅವರು ನಿದ್ದಿ ಮಾಡ್ಲಿ. ಮುಂದಿನವರನ್ನ ಕರೀರಿ."

"ತಡಿ," ಎಂದಳು ಮರೆಮ್ಮ. ಸಾಯಬಣ್ಣನ ಹತ್ತಿರ ಬಂದು ಗದ್ದ ಹಿಡಿದು ನೋಡಿದಳು. "ನಿನ್ನ ಖರೇ ಹೆಸರೇನೋ?"

"ಸಾಯಬಣ್ಣ ರೀ ಆಯಿ."

"ಯಾವೂರು? ಯಾರ ಪೈಕಿ?"

ಕೋಟನೂರು ಎಂದ. ಅವ್ವನ ತವರು ಹೇಳಿದ. ಆ ತವರಿನ ಒಂದು ಮನೆ ಮರೆಮ್ಮನ ಅಕ್ಕನ ಗಂಡನ ಮನೆಗೆ ಗೋಡೆಗೆ ಗೋಡೆ ಎಂದು ಗೊತ್ತಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ನಮ್ಮ ಮುದುಕಿಯರು ಮನಸ್ಸು ಮಾಡಿದರೆ ಯಾರನ್ನಾದರೂ ಯಾರಿಗಾದರೂ ಬೀಗರನ್ನಾಗಿಸುತ್ತಾರೆ.

"ನಮ್ಮವನ ಅದಾನ," ಎಂದು ಸಾರಿದಳು. "ಹುಡಿಗಿ ನಕ್ಕಿದ್ದು ಇವನ ಮಾತಿಗಿ. ಸಾಯಬಣ್ಣಾ, ಆ ಜಾಗಕ್ಕ ಮತ್ತ ಬಾ. ನಿಂತ್ಕೊ."

ಸಾಯಬಣ್ಣ ಆ ಜಾಗವನ್ನು ನೋಡಿದ. ಪ್ರಿಯದರ್ಶಿನಿಯನ್ನು ನೋಡಿದ. ಅವಳು ತಲೆ ತಗ್ಗಿಸಿರಲಿಲ್ಲ, ನೋಡುತ್ತಲೇ ಇದ್ದಳು. ಒಂದು ಹೆಜ್ಜೆ ಬಲಕ್ಕೆ ಇಟ್ಟರೆ ಆಯಿತು. ಆದರೆ ಕಾಲು ಏಳಲಿಲ್ಲ.

"ಆಗಂಗಿಲ್ಲ ಆಯಿ. ಅದು ಅಮರನಾಥ ಮಾಲಕರ ಜಾಗಾ. ಇನ್ನೊಬ್ಬರ ಜಾಗಾ ನಾ ಹ್ಯಾಂಗ ನುಂಗಲಿ?"

ಮಲ್ಕಪ್ಪ ಹಣೆ ಹಣೆ ಬಡಿದುಕೊಂಡ. ಲಲಿತಾಬಾಯಿಗೆ ಮಾತ್ರ ಆ ಮನೆಯಲ್ಲಿ ಉಳಿದ ಮರ್ಯಾದೆ ಇದೊಂದೇ ಎನ್ನಿಸಿ ಕಣ್ಣು ಒದ್ದೆಯಾಯಿತು.

"ಭಲೇ ಸಾಯಬಣ್ಣ! ನಡಿ, ಕಾರಿನಾಗ ಹೋಗಮು. ಸಂಬಂಧ ಹೋದ್ರ ಹೋತು. ನಿನ್ನ ಕುರ್ಚಿ ಎಲ್ಲಿಗೂ ಹೋಗಂಗಿಲ್ಲ. ನಾಳಿಂದs ಬಂದು ಕುಂದ್ರು."

ಹೀಗೆ ಕುರ್ಚಿ ಸಿಕ್ಕಿತು. ಅಂಬಮ್ಮನ ಐದು ಕಾಯಿ ಫಲಿಸಿದವು. ಸಾಯಬಣ್ಣ ಖುಷಿಯಿಂದ ಹಾರಬೇಕಿತ್ತು. ಹಾರಲಿಲ್ಲ. ಲಲಿತಾಬಾಯಿಯ ಹಿಂದೆ ಅಂಗಳ ದಾಟಿದ, ಗಂಡುಗಳ ಸಾಲನ್ನು ಉದ್ದಕ್ಕೂ ದಾಟಿದ, ಸಾಲಿನ ಬಾಲದ ಹತ್ತಿರ ಬಂದ. ಅಲ್ಲಿ ಕಾಲು ನಿಂತುಬಿಟ್ಟಿತು.

"ಬಾಯಾರ, ನೀವು ನಡೀರಿ."

"ಯಾಕೋ?"

"ಇಲ್ಲೊಂದು ಪಾಳಿ ಅದ ರೀ."

"ಯಾರ ಸಲುವಾಗಿ?"

ಸಾಯಬಣ್ಣ ಹೆಬ್ಬೆರಳಿನಿಂದ ಮಣ್ಣು ಕೆರೆದ. ಲಲಿತಾಬಾಯಿ ಅವನ ಮುಖ ನೋಡಿದರು, ಮನೆಯ ಕಡೆ ನೋಡಿದರು, ತಿಳಿಯಿತು.

"ಆ ಹುಡಿಗಿ ನಮ್ಮನ್ನ ಹೊರಗ ಹಾಕ್ಯಾಳ. ನೀ ಅಲ್ಲೇ ಹೋಗಿ ನಿಂದಿರ್ತಿ? ಹಂಗಾದ್ರ ಕುರ್ಚಿ ಇಲ್ಲ. ಬಾ ಅಂದ್ರ ಈಗs ಬಾ."

ಅಮರನಾಥ ಕಾರಿನ ಹಿಂದಿನ ಸೀಟಿನಲ್ಲಿ ಆಗಲೇ ಒರಗಿದ್ದ. ಕಿಟಕಿ ಇಳಿಸಿ, "ನಿಂದ್ರಲಿ ಬಿಡs ಅವ್ವಾ. ನನಗೂ ಇಷ್ಟು ಒಳ್ಳೇ ಜಾಗಾ ಎಂದೂ ಹಿಡಿದು ಕೊಟ್ಟಿದ್ದಿಲ್ಲ ಅಂವಾ," ಎಂದ. ಲಲಿತಾಬಾಯಿ ಬಾಗಿಲು ಧಡಾರನೆ ಹಾಕಿಕೊಂಡರು. ಕಾರು ಹೋಯಿತು. ಕುರ್ಚಿಯೂ ಹೋಯಿತು. ಧೂಳು ಉಳಿಯಿತು.

ಸಾಯಬಣ್ಣ ಉಪನ್ಯಾಸಕ ವಿವೇಕಾನಂದನ ಬೆನ್ನ ಹಿಂದೆ, ಎಲ್ಲರಿಗಿಂತ ಕೊನೆಗೆ, ತನ್ನದೇ ಹೆಸರಿನಲ್ಲಿ ನಿಂತ.

ಮಲ್ಕಪ್ಪ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ. "ಒಳಗ ಕರದ್ರ ಬರ್ಲಿಲ್ಲ. ಇಲ್ಲಿ ಬಾಲಕ್ಕ ಬಂದು ನಿಂತಿ. ನಿನಗ ತೆಲಿ ಸರಿ ಅದ ಏನು?"

"ಇದು ನನ್ನ ಜಾಗಾ ರೀ."

"ಹೊಲ ಅದ?"

"ಇಲ್ರಿ."

"ನೌಕರಿ?"

"ಈಗ ಕಾರಿನಾಗ ಹೋತ್ರಿ."

"ಟೋಕನ್ ಬಾಳಿಹಣ್ಣೂ ಮುಗದಾವ."

"ಹಂಗs ನಿಂದಿರ್ತೀನ್ರಿ."

ಮಲ್ಕಪ್ಪ ಒಳಗೆ ಹೋಗಿ ತಾಯಿಗೂ ಮಗಳಿಗೂ ಈ ಸುದ್ದಿ ಹೇಳಿದ. ಹೇಳುವಾಗ ಬೈಗುಳದ ಧಾಟಿಯಿತ್ತು, ಆದರೆ ಕೊನೆಯಲ್ಲಿ ತನಗೇ ತಿಳಿಯದಂತೆ, "ಎಂಥಾ ಮನಶಾ ಇದ್ದಾನ ನೋಡು," ಎಂದ.

ಪ್ರಿಯದರ್ಶಿನಿ ಸೆರಗು ಸಿಕ್ಕಿಸಿಕೊಂಡಳು. ಪಡಸಾಲೆಯ ಕಿಟಕಿಯ ಹತ್ತಿರ ಸ್ಟೂಲು ಎಳೆದು ಕೂತಳು. "ದೇವಿಂದ್ರಪ್ಪ ಕಾಕಾ, ಒಳಗ ಯಾರ್ನೂ ಕರೀಬ್ಯಾಡ್ರಿ. ಎಲ್ಲಾರೂ ಕಿಟಕಿಗಿ ಬರ್ಲಿ."

ನಂತರದ ದೃಶ್ಯವನ್ನು ಕಮಲಾಪುರ ಇನ್ನೂ ನೆನೆಸಿ ನಗುತ್ತದೆ.

"ಮುಂದಿನವರು. ಸರ್ವರ್ ಡೌನ್ ಅದ ರೀ."

"ಮನ್ಯಾಗ ಎಂಥಾ ಸರ್ವರ್ ರೀ?" ಎಂದ ಬೆರಳ ತುಂಬ ಉಂಗುರದ ಗುತ್ತಿಗೆದಾರ.

"ಅದs ನಮಗೂ ತಿಳಿವಲ್ದು. ಮುಂದಿನವರು. ನಿಮ್ದು ಈ ಕಿಟಕಿ ಅಲ್ರಿ."

"ಹಂಗಾದ್ರ ಯಾವ್ದ್ರಿ?"

"ವಿಚಾರಸ್ರಿ. ಮುಂದಿನವರು. ಕಾಕಾ ಕೊಟ್ಟ ಫೋಟೊ ನಿಮ್ದೇನ್ರಿ?"

"ನಂದs ರೀ."

"ಮುಖ ಹೊಂದವಲ್ದು ರೀ. ಹೊಸಾದು ತಗಿಸ್ಕೊಂಡು ಬರ್ರಿ. ಮುಂದಿನವರು. ಸಾಹೇಬರು ಮೀಟಿಂಗಿಗಿ ಹೋಗ್ಯಾರ."

ಸಾಹೇಬರಾದ ಮಲ್ಕಪ್ಪ ಅವಳ ಬೆನ್ನ ಹಿಂದೆಯೇ ಬಾಯಿಗೆ ಟವೆಲು ತುರುಕಿಕೊಂಡು ನಿಂತಿದ್ದ. ಪಾಳಿ ಬೆಣ್ಣೆ ಕರಗಿದಂತೆ ಕರಗಿತು. ಕೊನೆಗೆ ಉಪನ್ಯಾಸಕ ಬಂದ.

"ಟೋಕನ್ ರೀ ಸರ?"

ವಿವೇಕಾನಂದ ತನ್ನ ಬರಿಗೈ ನೋಡಿಕೊಂಡ. ಎಮ್ಮೆಯನ್ನು ನೋಡಿದ. ಬಹಳ ಘನತೆಯಿಂದ ಬಸ್ ನಿಲ್ದಾಣದ ಕಡೆ ನಡೆದುಬಿಟ್ಟ.

ಈಗ ಕಿಟಕಿಯ ಮುಂದೆ ಸಾಯಬಣ್ಣ. ಅವನ ಮೈಯೆಲ್ಲ ಎಡಕ್ಕೆ ಎಳೆಯಿತು. ಹಿಂದೆ ತಿರುಗಿ ನೋಡಿದ. ಅಂಗಳದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಜೇಬಿನ ಫೋನು ಮುಟ್ಟಿಕೊಂಡ. ಮಾಡಲು ಯಾರೂ ಇರಲಿಲ್ಲ. ಸರಳನ್ನು ಎರಡೂ ಕೈಯಿಂದ ಹಿಡಿದುಕೊಂಡ, ಜಾರದಿರಲೆಂದು.

"ಯಾರ ಸಲುವಾಗಿ ಬಂದೀರಿ?" ಪ್ರಿಯದರ್ಶಿನಿ ಕೇಳಿದಳು. ಅವಳ ಧ್ವನಿ ಕಚೇರಿಯದೇ.

ಸಾಯಬಣ್ಣನ ಗಂಟಲಲ್ಲಿ ಏಳೆಂಟು ಗಿರಾಕಿಗಳ ಹೆಸರು ಬಂದು ಹೋದವು.

"ನನ್ನ ಸಲುವಾಗಿ ರೀ," ಎಂದ.

"ದಾಖಲಿ ಏನು ತಂದೀರಿ?"

"ಏನೂ ಇಲ್ರಿ." ಆಮೇಲೆ ಇದ್ದದ್ದನ್ನು ಹೇಳಿದ. "ಕೋಟನೂರಾಗ ಅವ್ವ ಒಬ್ಬಾಕಿ ಅದಾಳ್ರಿ."

ಒಳಗೆ ಮಲ್ಕಪ್ಪ ಏನೋ ಹೇಳಲು ಬಾಯಿ ತೆರೆದ. ಮರೆಮ್ಮ ಅವನ ಟವೆಲಿನ ಚುಂಗು ಹಿಡಿದು ಜಗ್ಗಿದಳು. ಮಲ್ಕಪ್ಪ ತಾಯಿಯನ್ನು ನೋಡಿದ, ಕಿಟಕಿಯ ಹತ್ತಿರ ಕೂತ ಮಗಳ ಕೆಂಪಾದ ಕಿವಿಯನ್ನು ನೋಡಿದ, ಉಸಿರು ಬಿಟ್ಟ.

"ಕರಕೊಂಡು ಬಾ ಅನ್ನು," ಎಂದ. "ಮಾತಾಡಿ ನೋಡಮು."

"ಅವ್ವನ್ನ ಕರಕೊಂಡು ಬರ್ಬೇಕಂತ್ರಿ," ಎಂದಳು ಪ್ರಿಯದರ್ಶಿನಿ. "ನಾಳಿ ಸಂಜಿಗಿ."

"ಆತ್ರಿ." ಸಾಯಬಣ್ಣ ತಲೆಯಾಡಿಸಿದ. ಆಮೇಲೆ, ವೃತ್ತಿಯವನಲ್ಲವೇ, ಮರೆಯದೆ ಕೇಳಿದ: "ಎಷ್ಟೊತ್ತಿಗಿ ಬಂದು ಪಾಳಿ ಹಚ್ಚಲಿ ರೀ?"

ಪ್ರಿಯದರ್ಶಿನಿ ಎದ್ದು ನಿಂತಳು.

"ಪಾಳಿ ಹಚ್ಚಬ್ಯಾಡ್ರಿ," ಎಂದಳು. "ಬಾಗಲಾ ತೆರದಿರ್ತೀನಿ. ಅವ್ವನ್ನ ಕರಕೊಂಡು ಸೀದಾ ಒಳಗ ಬರ್ರಿ."